ಹಂದಿದೊಡ್ಡಿಗೆ ಮುಖ ಮಾಡಿ ನಿಂತವಳು

ಹಾಸೆಬರ್ಗ್ ಏರಿನಲ್ಲಿ ಸೈಕಲ್ ರೇಸಿನ ದಿನ ಸಾವಿರ ಜನ ಸೇರಿದರೂ ನೋಡುವುದಕ್ಕೆ ಸರಿಯಾದ ಜಾಗ ಅಂತ ಇರುವುದು ಒಂದೇ. ಕಲ್ಲುಹಾಸಿನ ದಾರಿ ಎಡಕ್ಕೆ ಹೊರಳುವ ಕಡೆ, ಮಾರ್ನಿಕ್ಸನ ಹಂದಿದೊಡ್ಡಿಗೆ ಅಡ್ಡಲಾಗಿ, ಬೇಲಿಯ ಮೂಲೆ. ಅಲ್ಲಿಗೆ ಬರುವಷ್ಟರಲ್ಲಿ ಎಂಥಾ ಸವಾರನ ತೊಡೆಯೂ ಸತ್ತಿರುತ್ತದೆ. ಸೈಕಲ್ಲು ನಡೆಯುವವನ ವೇಗಕ್ಕೆ ಇಳಿದಿರುತ್ತದೆ. ಬಾಯಿ ಬಿಟ್ಟುಕೊಂಡು, ಜೊಲ್ಲು ಸುರಿಸಿಕೊಂಡು, ನಿಮ್ಮ ಎದೆ ಮೇಲೇ ಏರಿಬರುವವನ ಹಾಗೆ ಬರುತ್ತಾನೆ. ಆ ಮೂಲೆಯಲ್ಲಿ ಹಳೇ ಬಿಯರ್ ಕ್ರೇಟೊಂದನ್ನು ಬೋರಲು ಹಾಕಿರುತ್ತಾರೆ. ಅದರ ಮೇಲೆ ನಿಲ್ಲುವವಳು ಆಲಿಡಾ ವೆರ್ಕ್ರೌಸೆ. ನಲವತ್ತೆಂಟು ವರ್ಷದಿಂದ ಅವಳೇ.

ಸುಮ್ಮನೆ ನಿಲ್ಲುವುದಿಲ್ಲ, ಕೂಗುತ್ತಾಳೆ. ಮುಂದೆ ಯಾರು, ಹಿಂದೆ ಯಾರು, ಯಾರ ಮುಖ ಸುಣ್ಣವಾಗಿದೆ, ಯಾರು ನಾಟಕ ಮಾಡುತ್ತಿದ್ದಾನೆ, ಎಲ್ಲ. ಅವಳ ಹಿಂದೆ ನಾಲ್ಕು ಸಾಲು ಜನ ಒತ್ತಿಕೊಂಡಿರುತ್ತಾರೆ. ಅವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ರೇಸು ಅವರ ಕಿವಿಯ ಒಳಗೆ ನಡೆಯುವುದು ಆಲಿಡಾಳ ಗಂಟಲಿನಿಂದ. ಈಗ ಎಲ್ಲರ ಕೈಯಲ್ಲೂ ಫೋನಿದೆ ನಿಜ. ಆದರೆ ಫೋನಿಗೆ ಚಿತ್ರ ಬರುವುದು ನಲವತ್ತು ಸೆಕೆಂಡು ತಡವಾಗಿ. ಸವಾರ ಎದುರಿಗೆ ಬೆವರು ಸಿಡಿಸಿ ಹೋದ ಮೇಲೆ ಫೋನಿನಲ್ಲಿ ಅವನು ಇನ್ನೂ ಏರಿನ ಬುಡದಲ್ಲಿರುತ್ತಾನೆ. ಹಾಗಾಗಿ ಕ್ರೇಟು ಉಳಿದಿತ್ತು, ಕ್ರೇಟಿನ ಮೇಲೆ ಆಲಿಡಾಳೂ ಉಳಿದಿದ್ದಳು.

ಈ ವರ್ಷ ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ.

ಶುರುವಾದದ್ದು ಕ್ರಿಸ್‌ಮಸ್ ಹೊತ್ತಿಗೆ. ಅಡುಗೆಮನೆ ಬಾಗಿಲ ಚೌಕಟ್ಟು ಒಂದು ಬೆಳಿಗ್ಗೆ ಹೊಟ್ಟೆ ಬಂದವರ ಹಾಗೆ ಉಬ್ಬಿ ನಿಂತಿತ್ತು. ಮರ ನೆನೆದಿರಬೇಕು ಅಂದುಕೊಂಡು ಕೈಯಾಡಿಸಿದಳು, ನೆಟ್ಟಗಿದೆ. ಕಣ್ಣಿಗೆ ಸೊಟ್ಟ, ಕೈಗೆ ನೆಟ್ಟಗೆ. ಯಾವುದನ್ನು ನಂಬುವುದು? ಆಮೇಲೆ ಯಾರೋ ಬೂದಿ ಮೆತ್ತಿದ ಹೆಬ್ಬೆರಳನ್ನು ನೋಟದ ನಟ್ಟನಡುವೆ ಒತ್ತಿದ ಹಾಗೆ ಒಂದು ಕಲೆ. ಕಾಫಿ ಬಟ್ಟಲನ್ನು ನೋಡಿದರೆ ಬಟ್ಟಲು ಮಾಯ, ಪಕ್ಕದ ಚಮಚ ಇದೆ. ಚಮಚ ನೋಡಿದರೆ ಚಮಚ ಮಾಯ, ಬಟ್ಟಲು ವಾಪಸ್. ಎಪ್ಪತ್ತೈದು ವರ್ಷದ ಹೆಂಗಸು ಬೆಳಿಗ್ಗೆ ಬೆಳಿಗ್ಗೆ ತನ್ನ ಮೇಜಿನ ಮೇಲಿನ ಸಾಮಾನಿನ ಜೊತೆ ಕಣ್ಣಾಮುಚ್ಚಾಲೆ ಆಡುತ್ತಾ ಕೂತಳು. 

ಪಟ್ಟಣದ ಕಣ್ಣಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕಣ್ಣಿಗೇ ಸೂಜಿ ಚುಚ್ಚಿದಳು, ಆಮೇಲೆ ಹೇಳಿದಳು: "ನಡುವಿನದು ಹೋಗಿದೆ ಅಮ್ಮ, ಅದು ಬರಲ್ಲ. ಅಂಚು ಚೆನ್ನಾಗಿದೆ. ಏನನ್ನಾದ್ರೂ ನೋಡ್ಬೇಕು ಅಂದ್ರೆ ಅದನ್ನ ನೋಡ್ಬೇಡಿ, ಪಕ್ಕದ್ದನ್ನ ನೋಡಿ."

"ಇದೆಂಥ ವಿದ್ಯೆ ತಾಯಿ? ನಿನ್ನ ನೋಡ್ಬೇಕಾದ್ರೆ ಆ ಕ್ಯಾಲೆಂಡರ್ ನೋಡ್ಬೇಕಾ?"

"ಹೂಂ. ಈಗ ನನ್ನ ಮೂಗು ಕಾಣ್ಸುತ್ತಾ?"

"ಕಾಣ್ಸುತ್ತೆ. ಇಲ್ದಿದ್ರೂ ನಡೀತಿತ್ತು."

ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಹೋಗುವುದು ಕ್ರೇಟು. ಮನೆ, ಪೆನ್ಷನ್ನು, ಮೊಣಕಾಲು ಇವುಗಳಲ್ಲಿ ಯಾವುದು ಹೋದರೂ ಆಲಿಡಾ ಬೈದುಕೊಂಡು ಬದುಕುತ್ತಿದ್ದಳು. ಕ್ರೇಟು ಹೋದರೆ ಅವಳು ನಾಲ್ಕನೇ ಸಾಲಿನಲ್ಲಿ ಬೆನ್ನು ನೋಡುತ್ತಾ ನಿಂತಿರುವ ಮುದುಕಿ, ಅಷ್ಟೇ.

ಆ ಕ್ರೇಟಿನ ಹುಟ್ಟು ರೇಸಿನಲ್ಲಲ್ಲ, ಮಿಲ್ಲಿನ ಗೇಟಿನಲ್ಲಿ. ಅಗಸೆನಾರಿನ ಬಟ್ಟೆ ಮಿಲ್ಲಿನಲ್ಲಿ ಹನ್ನೊಂದು ವಾರ ಮುಷ್ಕರ ನಡೆದಾಗ ಆಲಿಡಾಗೆ ಇಪ್ಪತ್ತೇಳು. ಚಳಿಗಾಲ. ಮುಷ್ಕರ ಮುರಿಯುವವರು ಬೆಳಗಿನ ಪಾಳಿಗೆ ಮುಖಕ್ಕೆ ಮಫ್ಲರು ಸುತ್ತಿಕೊಂಡು ಸೈಕಲ್ಲಿನಲ್ಲಿ ನುಸುಳುತ್ತಿದ್ದರು, ಮುಖ ಕಾಣದಿದ್ದರೆ ಹೆಸರೂ ಇಲ್ಲ ಎಂಬ ಧೈರ್ಯದಲ್ಲಿ. ಆಲಿಡಾ ಖಾಲಿ ಕ್ರೇಟು ಹತ್ತಿ ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದಳು. ಇವನ ಮಂಡಿ ಹೊರಕ್ಕೆ ಹೋಗುತ್ತೆ, ಅವನು ಸೀಟಿನ ಮೇಲೆ ಒಂದೇ ಕುಂಡಿ ಇಟ್ಟು ಕೂರುತ್ತಾನೆ, ಇನ್ನೊಬ್ಬ ಹಿಮ್ಮಡಿಯಿಂದ ತುಳಿಯುತ್ತಾನೆ. ಮಗ್ಗದ ಮುಂದೆ ಹತ್ತು ವರ್ಷ ನೂರಾರು ಎಳೆಗಳ ಓಟ ನೋಡಿದ ಕಣ್ಣು, ಕಾಲಿನ ಓಟವನ್ನು ಬಿಡುತ್ತದಾ? ಹೆಸರು ಕೂಗಿಸಿಕೊಂಡವನು ಮರುದಿನ ಬರುತ್ತಿರಲಿಲ್ಲ. ಅವನ ಹೆಂಡತಿಯ ಜೊತೆ ಬ್ರೆಡ್ಡಿನ ಅಂಗಡಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮುಷ್ಕರ ಅರ್ಧ ಗೆದ್ದಿತು, ಅರ್ಧ ಸೋತಿತು. ಏಪ್ರಿಲ್‌ನಲ್ಲಿ ರೇಸು ಬಂದಾಗ ಜನವೇ ಕ್ರೇಟು ತಂದು ಏರಿನ ತಿರುವಿನಲ್ಲಿಟ್ಟರು: ಹತ್ತು ಆಲಿಡಾ, ಈಗ ಇವರನ್ನ ಕೂಗು.

ಒಂದು ಸಲ ಮಾತ್ರ ತಪ್ಪಿದ್ದಳು. ಏಳನೇ ವಾರ ಮಿಲ್ಲಿನ ದಾರಿಯಲ್ಲಿ ಕೆಂಪು ಮಫ್ಲರಿನವನೊಬ್ಬ ಬಿರುಸಾಗಿ ತುಳಿಯುತ್ತಾ ಬಂದ. ಕೂಗಿದಳು. ನಾಲ್ಕು ಜನ ಅವನನ್ನು ಕೆಡವಿ ಸೈಕಲ್ಲನ್ನು ಹೊಳೆಗೆ ಎಸೆದರು. ಆಮೇಲೆ ನೋಡಿದರೆ ಅವನು ಮಿಲ್ಲಿಗೆ ಸಂಬಂಧವೇ ಇಲ್ಲದ ಬಡಗಿ, ಹೆಂಡತಿಗೆ ನೋವು ಬಂತು ಅಂತ ಸೂಲಗಿತ್ತಿಯನ್ನು ಕರೆಯಲು ಹೊರಟವನು. ಮೂರು ಮೈಲಿ ಓಡಿಕೊಂಡು ಹೋದ. ಅವತ್ತು ಹುಟ್ಟಿದ ಮಗುವೇ ಫ್ರಾನ್ಸ್. ಈಗ ನಲವತ್ತೆಂಟು ವಯಸ್ಸು, ಪುರಸಭೆಯಲ್ಲಿ ಗುಮಾಸ್ತ, ಕೈಯಲ್ಲಿ ಊರಲ್ಲೇ ದೊಡ್ಡ ಫೋನು. ಹುಟ್ಟಿದ ದಿನದಿಂದಲೂ ಆ ಕ್ರೇಟಿನ ಮೇಲೆ ಅವನಿಗೊಂದು ಕಣ್ಣು ಅನ್ನಬಹುದು.

ಮಾರ್ಚ್ ಕೊನೆಯ ಬುಧವಾರದ ಸಣ್ಣ ರೇಸಿನಲ್ಲಿ ಆಲಿಡಾ ಎರಡನೇ ಸಲ ತಪ್ಪಿದಳು. ಬೂದಿ ಕಲೆಯ ಸುತ್ತ ಹಳದಿ-ಕಪ್ಪು ಬಣ್ಣ ಕಂಡಿತು. ಹಳದಿ-ಕಪ್ಪು ಅಂದರೆ ವಾನ್ನೆಸ್ ದೆಪ್ರೆ, ಊರಿನ ಹುಡುಗ, ಕಾಫಿ ಅಂಗಡಿ ಹಿಲ್ಡಾಳ ಮಗ. "ವಾನ್ನೆಸ್! ಮುಂದೆ ವಾನ್ನೆಸ್!" ಅಂತ ಗಂಟಲು ಹರಿಯುವ ಹಾಗೆ ಕೂಗಿದಳು. ಜನ ಕುಣಿದರು, ಬಿಯರ್ ಎರಚಾಡಿದರು, ಹಿಲ್ಡಾ ಅತ್ತೇಬಿಟ್ಟಳು. ನಲವತ್ತು ಸೆಕೆಂಡು. ಆಮೇಲೆ ಫ್ರಾನ್ಸ್ ಫೋನು ಎತ್ತಿ ಹಿಡಿದ. ಅದೇ ಬಣ್ಣದ ಬೇರೆ ತಂಡ, ಯಾರೋ ಹಾಲೆಂಡಿನವನು.

"ಬಿಸಿಲು ಕಣ್ಣಿಗೆ ಹೊಡೀತು," ಅಂದಳು ಆಲಿಡಾ.

"ಮೋಡ ಕವಿದಿದೆ ಆಲಿಡಾ ಅಮ್ಮನವರೇ," ಅಂದ ಫ್ರಾನ್ಸ್. "ನಿಮ್ಮ ಕಣ್ಣು ನಂಬಿ ನಮ್ಮಪ್ಪನ ಸೈಕಲ್ಲು ಹೊಳೆ ಸೇರ್ತು. ಇನ್ನೂ ಏನೇನು ಸೇರ್ಬೇಕೋ."

ದೊಡ್ಡ ರೇಸು ಅದೇ ವಾರದ ಭಾನುವಾರ. ನಡುವೆ ಉಳಿದದ್ದು ಮೂರು ದಿನ.

ಶನಿವಾರ ಬೆಳಿಗ್ಗೆ ಆಲಿಡಾ ಏರಿಗೆ ಹೋದಳು. ದೊಡ್ಡ ರೇಸಿನ ಹಿಂದಿನ ದಿನ ಅದೇ ದಾರಿಯಲ್ಲಿ ಸಾಧಾರಣ ಜನ ಸೈಕಲ್ ಹೊಡೆಯುತ್ತಾರೆ. ದಂತವೈದ್ಯರು, ಮೇಷ್ಟರುಗಳು, ಹೊಟ್ಟೆ ಬಂದ ಇಂಗ್ಲಿಷರು, ಸಾವಿರಾರು ಮಂದಿ. ಅಭ್ಯಾಸಕ್ಕೆ ಇದಕ್ಕಿಂತ ಬೇಕೆ? ಹಳೇ ಮೂಲೆಯಲ್ಲಿ ನಿಂತಳು. ನೇರ ಎದುರಿಗೆ ಬರುವವರೆಲ್ಲ ಬೂದಿ ಕಲೆಯೊಳಗೇ ಬರುತ್ತಿದ್ದರು. ತಲೆ ಇಲ್ಲದ ಮುಂಡಗಳು, ಮುಂಡ ಇಲ್ಲದ ಚಕ್ರಗಳು. ಊರಿಗೇ ಒಳ್ಳೆಯದಾದ ಜಾಗ ಅವಳಿಗೆ ಊರಿಗೇ ಕೆಟ್ಟ ಜಾಗವಾಗಿತ್ತು.

ಜಾಗ ಬದಲಿಸಿದಳು. ಹತ್ತು ಹೆಜ್ಜೆ ಕೆಳಗೆ, ಬೇಡ. ಬೇಲಿ ಮೇಲೆ ಹತ್ತಿ, ಅದೂ ಬೇಡ. ಪ್ಯಾಂಟು ಹರಿಯಿತು. ತಿರುವು ದಾಟಿ ಇಪ್ಪತ್ತು ಹೆಜ್ಜೆ ಮೇಲೆ, ಮಾರ್ನಿಕ್ಸನ ಅಂಗಳದ ಬಾಯಲ್ಲಿ ನಿಂತಳು. ಅಲ್ಲಿ ರಸ್ತೆ ಎಡಭುಜದ ಪಕ್ಕಕ್ಕೆ ಬರುತ್ತದೆ, ಎದುರಿಗೆ ಹಂದಿದೊಡ್ಡಿಯ ಹಸಿರು ಬಾಗಿಲು. ಬಾಗಿಲ ಮೇಲೆ ಕಣ್ಣು ನೆಟ್ಟಳು. ಬಾಗಿಲು ಮಾಯವಾಯಿತು. ಎಡಗಣ್ಣಿನ ಅಂಚಿನಲ್ಲಿ ಒಬ್ಬ ದಡೂತಿ ಮನುಷ್ಯ ಸ್ಪಷ್ಟವಾಗಿ, ಹಿಮ್ಮಡಿಯಿಂದ ತುಳಿಯುತ್ತಾ, ಏದುಸಿರು ಬಿಡುತ್ತಾ ಹೋದ. ಮುಖ ಸರಿಯಾಗಿ ಕಾಣಲಿಲ್ಲ, ಅಂಗಿಯ ಅಕ್ಷರ ಕಾಣಲಿಲ್ಲ. ಆದರೆ ತುಳಿತ ಕಂಡಿತು. ಇನ್ನೊಬ್ಬ: ಸೊಂಟ ಕುಲುಕುವವನು. ಮತ್ತೊಬ್ಬಳು: ಎಡಭುಜ ಇಳಿದವಳು. ಸರಿ ಕಂಡಿತೋ, ತಾನೇ ಕಟ್ಟಿಕೊಂಡದ್ದೋ? ಅದನ್ನು ತಿಳಿಯಲು ಇನ್ನೊಂದು ಜೊತೆ ಕಣ್ಣು ಬೇಕಿತ್ತು.

ಮಾರ್ನಿಕ್ಸ್ ಗೊಬ್ಬರದ ಕವೆಗೋಲು ಹಿಡಿದು ಅಂಗಳದಲ್ಲಿದ್ದ. ಹಂದಿ ಸಾಕುವ ವಿಧುರ. ಜನರಿಗಿಂತ ಹಂದಿ ಜೊತೆ ಹೆಚ್ಚು ಮಾತಾಡುವವನು. 

"ಮಾರ್ನಿಕ್ಸ್, ಈಗ ಹೋದನಲ್ಲ, ಅವನ ಬಲಮಂಡಿಗೆ ಪಟ್ಟಿ ಕಟ್ಟಿತ್ತಾ?"

"ಕಟ್ಟಿತ್ತು. ಯಾಕೆ?"

"ಈಗ ಬಂದವಳು ನಿಂತು ತುಳೀತಿದಾಳೆ, ಅಲ್ವಾ?"

"ನಿಂತು." ಮಾರ್ನಿಕ್ಸ್ ಕವೆಗೋಲನ್ನು ನೆಲಕ್ಕೆ ಊರಿದ. "ಆಲಿಡಾ, ರಸ್ತೆ ಈ ಕಡೆ ಇದೆ."

"ಗೊತ್ತು ಕಣೋ."

"ನೀನು ನನ್ನ ಹಂದಿಗಳನ್ನ ನೋಡ್ತಾ ಇದೀಯ."

"ನೋಡ್ತಿಲ್ಲ."

"ಮುಕ್ಕಾಲು ಗಂಟೆಯಿಂದ ಆ ಬಾಗಿಲನ್ನೇ ನೋಡ್ತಾ ಇದೀಯ ಮಾರಾಯ್ತಿ. ಹಂದಿ ಬೇಕಾ? ಹಂದಿ ಬೇಕಾದ್ರೆ ಹೇಳು."

"ನಿನ್ನ ಹಂದಿ ನೀನೇ ಇಟ್ಕೋ. ಮುಂದಿನವನು ಏನು ಹೇಳು."

ಮಾರ್ನಿಕ್ಸ್ ಮುಂದಿನವನು ಏನು ಅಂತ ಹೇಳಲಿಲ್ಲ. ಕವೆಗೋಲು ಗೋಡೆಗೆ ಒರಗಿಸಿ ನೇರ ಹಿಲ್ಡಾಳ ಕಾಫಿ ಅಂಗಡಿಗೆ ನಡೆದ. ಅವನು ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗುವವನಾದ್ದರಿಂದ ಅವನು ಹೇಳಿದ್ದನ್ನು ಎಲ್ಲರೂ ನಂಬಿದರು: ಆಲಿಡಾಗೆ ತಲೆ ಕೆಟ್ಟಿದೆ. ರೇಸಿಗೆ ಬೆನ್ನು ಹಾಕಿ ಹಂದಿ ನೋಡುತ್ತಾಳೆ. 

ಮಧ್ಯಾಹ್ನ ಹಿಲ್ಡಾ ಸೂಪಿನ ಪಾತ್ರೆ ಹಿಡಿದು ಆಲಿಡಾಳ ಮನೆಗೆ ಬಂದಳು. ಹಿಲ್ಡಾಳ ತಾಯಿ ಮಿಲ್ಲಿನಲ್ಲಿ ಆಲಿಡಾಳ ಪಕ್ಕದ ಮಗ್ಗದವಳು. ಹಿಲ್ಡಾ ಅಂದಿನಿಂದ ದೊಡ್ಡಮ್ಮ ಅಂತಲೇ ಕರೆಯುವುದು.

"ದೊಡ್ಡಮ್ಮ, ಇವತ್ತು ಯಾವ ವಾರ?"

"ಯಾಕೆ, ನಿಂಗೆ ಮರ್ತೋಯ್ತಾ?"

"ಇಲ್ಲ, ಸುಮ್ನೆ. ಈಗ ಪ್ರಧಾನ ಮಂತ್ರಿ ಯಾರು ದೊಡ್ಡಮ್ಮ?"

"ಯಾವನೋ ಕಳ್ಳ. ಹೆಸರು ಬೇರೆ ಆಗಿರುತ್ತೆ, ಕಸುಬು ಅದೇ. ಏನೇ ಇದು ಹಿಲ್ಡಾ? ಮುಷ್ಕರದಾಗ ಪೊಲೀಸರೂ ಹಿಂಗೆ ಸುತ್ತಿಬಳಸಿ ಕೇಳ್ಲಿಲ್ಲ ನನ್ನ."

ಹಿಲ್ಡಾ ಕೈ ಒರೆಸಿಕೊಂಡಳು. "ನಾಳೆ ನೀನು ಕುರ್ಚಿ ಮೇಲೆ ಕೂತ್ಕೋ. ಕಾಫಿ ಅಂಗಡಿ ಕಿಟಕಿ ಹತ್ರ ಹಾಕಿಸ್ತೀನಿ, ಬೆಚ್ಚಗಿರುತ್ತೆ. ಮೂಲೆಯಲ್ಲಿ ಫ್ರಾನ್ಸ್ ನಿಲ್ತಾನಂತೆ."

ಆಲಿಡಾ ಸೂಪಿನ ಪಾತ್ರೆ ನೋಡಿದಳು. ಪಾತ್ರೆ ಹೋಯಿತು, ಹಿಲ್ಡಾಳ ಕೈ ಕಂಡಿತು. ಕಣ್ಣಿನ ವಿಷಯ ಹೇಳಿದರೆ ತಲೆ ಉಳಿಯುತ್ತದೆ, ಕ್ರೇಟು ಹೋಗುತ್ತದೆ. ಹೇಳದಿದ್ದರೆ ತಲೆಯೂ ಹೋಗುತ್ತದೆ, ಕ್ರೇಟೂ ಹೋಗುತ್ತದೆ. ಹಾಗಾದರೆ ಹೇಳುವುದೇ ಲಾಭ ತಾನೆ?

"ಸೂಪಿಗೆ ಉಪ್ಪು ಕಮ್ಮಿ," ಅಂದಳು.

ಹಿಲ್ಡಾ ಹೋದ ಮೇಲೆ ಆಲಿಡಾ ಏರಿಗೆ ವಾಪಸ್ ಹೋಗಿ ಕ್ರೇಟನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ತಂದಳು. ಮೂಲೆ ಬೇಕಾದರೆ ಫ್ರಾನ್ಸ್ ತಗೊಳ್ಳಲಿ. ಮೂಲೆ ಪುರಸಭೆಯದು. ಕ್ರೇಟು ಮುಷ್ಕರದ್ದು.

ಭಾನುವಾರ ಮಳೆ. ಜಿಟಿಜಿಟಿ ಅಲ್ಲ, ಅಡ್ಡಡ್ಡ ಹೊಡೆಯುವ ಮಳೆ. ಹೊಲಗಳಿಂದ ಕೆಸರು ಇಳಿದು ಕಲ್ಲುಹಾಸಿನ ಮೇಲೆ ಸಾಬೂನು ಬಳಿದ ಹಾಗಾಗಿತ್ತು. ಫ್ರಾನ್ಸ್ ಬೆಳಿಗ್ಗೆ ಏಳಕ್ಕೇ ಅಲ್ಯುಮಿನಿಯಂ ಏಣಿ ತಂದು ಮೂಲೆಯಲ್ಲಿ ನೆಟ್ಟು ಕೂತ. ಫೋನಿಗೆ ಪ್ಲಾಸ್ಟಿಕ್ ಚೀಲ ಹಾಕಿದ್ದ. ವಾನ್ನೆಸ್ ಅಭಿಮಾನಿ ಸಂಘದ ಎಪ್ಪತ್ತು ಮಂದಿ ಹಳದಿ-ಕಪ್ಪು ಮಫ್ಲರು ಕಟ್ಟಿಕೊಂಡು ಅವನ ಹಿಂದೆ ನಿಂತರು. ಹಿಲ್ಡಾ ಎಲ್ಲರಿಗಿಂತ ಮುಂದೆ, ಏಣಿಯ ಬುಡದಲ್ಲಿ.

ಆಲಿಡಾ ಇಪ್ಪತ್ತು ಹೆಜ್ಜೆ ಮೇಲೆ ಮಾರ್ನಿಕ್ಸನ ಅಂಗಳದ ಬಾಯಲ್ಲಿ ಕ್ರೇಟು ಹಾಕಿ ಹತ್ತಿದಳು. ರಸ್ತೆಗೆ ಎಡಭುಜ ಕೊಟ್ಟು, ಹಸಿರು ಬಾಗಿಲಿಗೆ ಮುಖ ಕೊಟ್ಟು.

"ಅಯ್ಯೋ, ಮತ್ತೆ ಬಂದಳಲ್ಲಪ್ಪ," ಅಂದ ಮಾರ್ನಿಕ್ಸ್. ಆದರೂ ಅವಳ ತಲೆ ಮೇಲೆ ಒಂದು ಗೊಬ್ಬರದ ಖಾಲಿ ಚೀಲ ಹೊದಿಸಿದ. ತಲೆ ಕೆಟ್ಟವರು ನೆನೆಯಬಾರದು ಅಂತ ಅವನ ಲೆಕ್ಕ.

"ಆಲಿಡಾ ಅಮ್ಮನವರೇ," ಫ್ರಾನ್ಸ್ ಏಣಿಯಿಂದ ಕೂಗಿದ, "ಒಳಗೆ ಯಾರು ಮುಂದಿದಾರೆ? ಕರಿಹಂದಿಯೋ ಬಿಳಿಹಂದಿಯೋ?"

ಎಪ್ಪತ್ತು ಜನ ನಕ್ಕರು. ಆಲಿಡಾ ಬಾಗಿಲನ್ನೇ ನೋಡಿದಳು. ನಿನ್ನೆ ದಂತವೈದ್ಯರು ನಿಧಾನ ಹೋಗುತ್ತಿದ್ದರು. ಇವತ್ತು ಬರುವವರು ದಂತವೈದ್ಯರಲ್ಲ.

ಎರಡೂವರೆಗೆ ಪೊಲೀಸರ ಮೋಟಾರ್‌ಬೈಕುಗಳು ಬಂದವು. ಆಮೇಲೆ ಕಾರು. ಆಮೇಲೆ ಏರಿನ ಬುಡದಲ್ಲಿ ಗದ್ದಲ ಎದ್ದಿತು. ಸರಿಯಾಗಿ ಆಗಲೇ ಫ್ರಾನ್ಸನ ಫೋನಿನಿಂದ ವರದಿಗಾರನ ಅರಚಾಟ: ಬಿದ್ದರು, ಎರಡು ಮೈಲಿ ಹಿಂದಿನ ಇಳಿಜಾರಿನಲ್ಲಿ ಹತ್ತು ಹನ್ನೆರಡು ಮಂದಿ ಬಿದ್ದರು! ಒಬ್ಬ ಏಳುತ್ತಿಲ್ಲ, ಹಳದಿ-ಕಪ್ಪು ಅಂಗಿ, ದೆಪ್ರೆ, ವಾನ್ನೆಸ್ ದೆಪ್ರೆ ಬಿದ್ದಿದ್ದಾನೆ!

ಹಿಲ್ಡಾ ಏಣಿ ಅಲ್ಲಾಡಿಸಿ ಫೋನು ಕಿತ್ತುಕೊಂಡಳು. ಎಪ್ಪತ್ತು ಮಂದಿಯ ತಲೆ ಆ ಅಂಗೈಯಗಲದ ಗಾಜಿನ ಮೇಲೆ ಬಾಗಿತು. ಗಾಜಿನ ಮೇಲೆ ಮಳೆ, ಮಳೆಯ ಒಳಗೆ ಕೆಸರು, ಕೆಸರಿನ ಒಳಗೆ ಒಂದು ಕಾಲು.

ಅದೇ ಹೊತ್ತಿಗೆ ಮುಂದಿನ ಗುಂಪು ತಿರುವಿಗೆ ಬಂತು. ಆರು ಜನ. ಆರೂ ಮಂದಿ ಒಂದೇ ಬಣ್ಣ, ನೆತ್ತಿಯಿಂದ ಹಿಮ್ಮಡಿವರೆಗೆ ಹಾಸೆಬರ್ಗಿನ ಮಣ್ಣಿನ ಬಣ್ಣ.

ಆಲಿಡಾಗೆ ಬಾಗಿಲು ಮಾಯವಾಯಿತು. ಎಡದ ಅಂಚಿನಲ್ಲಿ ಕಾಲುಗಳು ಬಂದವು. ಒಂದು ಉದ್ದನೆ ಜೊತೆ, ಕತ್ತರಿ ಹಾಗೆ. ಇನ್ನೊಂದು ಗಿಡ್ಡ, ಮೊಂಡು. ಮೂರನೆಯದು ಪ್ರತಿ ಸುತ್ತಿಗೂ ಬಲಮಂಡಿ ಹೊರಕ್ಕೆ, ಕೈಯಲ್ಲಿ ಬಕೆಟ್ ಹಿಡಿದವನು ಮೊಣಕಾಲಿನಿಂದ ಬಾಗಿಲು ತಳ್ಳುವ ಹಾಗೆ. ಆ ಮಂಡಿ ಎಂಟನೇ ವಯಸ್ಸಿನಲ್ಲಿ ಕಾಫಿ ಅಂಗಡಿ ನೆಲಮಾಳಿಗೆ ಮೆಟ್ಟಿಲಿಂದ ಉರುಳಿ ಹಾಗಾದದ್ದು. ಎತ್ತಿಕೊಂಡು ಹೋದವಳೇ ಆಲಿಡಾ.

"ವಾನ್ನೆಸ್!" ಕೂಗಿದಳು. "ಮೂರನೆಯವನು ವಾನ್ನೆಸ್! ಹೋಗು ಮಗನೇ, ತುಳಿ, ತುಳಿ!"

ಯಾರೂ ತಲೆ ಎತ್ತಲಿಲ್ಲ. ಹೆತ್ತ ತಾಯಿಯ ಬೆನ್ನಿಗೆ ಕೆಸರು ಸಿಡಿಸುತ್ತಾ ಮಗ ಏರು ಹತ್ತಿ ಹೋದ. ತಾಯಿ ಫೋನಿನಲ್ಲಿ ಅವನನ್ನು ನೆಲದ ಮೇಲೆ ಹುಡುಕುತ್ತಿದ್ದಳು. ಅಷ್ಟರಲ್ಲಿ ಚಿತ್ರವೂ ನಿಂತಿತು. ಮಳೆಗೆ ಟೀವಿಗೆ ಚಿತ್ರ ರವಾನಿಸುವ ವಿಮಾನ ಇಳಿಸಿರಬೇಕು, ಪರದೆ ಪೂರಾ ಬೂದಿ ಬಣ್ಣ.

ಹಿಲ್ಡಾ ಏರಿನ ಕೆಳಗೆ ಓಡತೊಡಗಿದಳು. ಇನ್ನೂ ನೂರೈವತ್ತು ಸವಾರರು, ಐವತ್ತು ಕಾರುಗಳು ಆ ಕಿರುದಾರಿಯಲ್ಲಿ ಮೇಲಕ್ಕೆ ಬರುವುದಿತ್ತು. ಇಬ್ಬರು ಹಿಡಿದುಕೊಂಡರು. 

"ಬಿಡ್ರೋ! ನನ್ನ ಮಗ ಬಿದ್ದಿದಾನೆ!"

"ಬಿದ್ದಿಲ್ಲ!" ಆಲಿಡಾ ಕ್ರೇಟಿನ ಮೇಲಿಂದ ಕೂಗಿದಳು. ಹಳೇ ಗೇಟಿನ ಗಂಟಲು ಅದು, ಮಳೆಯನ್ನು ಸೀಳಿತು. "ಹಿಲ್ಡಾ, ಅವನು ಹೋದ. ಈಗ ಹೋದ. ಮೂರನೆಯವನು."

ಹಿಲ್ಡಾ ತಿರುಗಿದಳು. "ನೀನು ಹಂದಿ ನೋಡ್ತಾ ಇದ್ದೆ ದೊಡ್ಡಮ್ಮ."

"ನಾನು ಅವನ ಕಾಲು ನೋಡಿದೆ."

"ಹಂದಿದೊಡ್ಡಿ ಕಡೆ ನಿಂತಿದ್ದೆ! ನಾನೇ ನೋಡಿದೀನಿ! ಬುಧವಾರ ನೇರ ನೋಡಿ ತಪ್ಪು ಹೇಳ್ದೆ, ಇವತ್ತು ಬೆನ್ನು ಹಾಕಿ..."

ಎಲ್ಲರೂ ಕ್ರೇಟಿನ ಕಡೆ ನೋಡುತ್ತಿದ್ದರು. ಆಲಿಡಾಗೆ ಒಂದು ಮುಖವೂ ಕಾಣಲಿಲ್ಲ. ಬೂದಿ ಕಲೆಯ ಸುತ್ತ ಮಫ್ಲರುಗಳು. ಸುಳ್ಳು ಹೇಳಬಹುದಿತ್ತು, ಕತ್ತು ಹೊರಳಿಸಿ ನೋಡಿದೆ ಅನ್ನಬಹುದಿತ್ತು. ಯಾರೂ ನಂಬುತ್ತಿರಲಿಲ್ಲ. ನಂಬಬೇಕಾದರೆ ಹೇಳಬೇಕಾದ ಮಾತು ಒಂದೇ. ಅದನ್ನು ಹೇಳಿದರೆ ಇಳಿಯಬೇಕಾಗುತ್ತದೆ. ಹೇಳದಿದ್ದರೆ ಹಿಲ್ಡಾ ಕಾರಿಗೆ ಸಿಕ್ಕಿ ಸಾಯುತ್ತಾಳೆ.

"ನಂಗೆ ಕಣ್ಣು ಕಾಣಲ್ಲ ಹಿಲ್ಡಾ," ಅಂದಳು.

ತಲೆ ಮೇಲಿನ ಗೊಬ್ಬರದ ಚೀಲವನ್ನು ಹಿಂದಕ್ಕೆ ಸರಿಸಿದಳು.

"ಕ್ರಿಸ್‌ಮಸ್ಸಿಂದ. ಎದುರಿಗೆ ಇರೋದು ಕಾಣಲ್ಲ, ಪಕ್ಕದ್ದು ಕಾಣುತ್ತೆ. ಅದಕ್ಕೇ ಪಕ್ಕಕ್ಕೆ ನಿಂತಿದೀನಿ. ಬಾಗಿಲು ನೋಡಿದ್ರೆ ರಸ್ತೆ ಕಾಣುತ್ತೆ. ಬುಧವಾರ ಬಣ್ಣ ನೋಡಿ ಕೂಗಿದೆ, ಕೆಟ್ಟೆ. ಇವತ್ತು ಮಂಡಿ ನೋಡಿದೀನಿ. ನೆಲಮಾಳಿಗೆ ಮೆಟ್ಟಿಲ ಮಂಡಿ. ಆ ಟೀವಿಯವನೂ ನನ್ನ ಹಾಗೇ ಬಣ್ಣ ನೋಡಿ ಕೂಗಿದಾನೆ."

ಜನರಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ. ಕಾಣುವುದಿಲ್ಲ, ಅದಕ್ಕೇ ಕಂಡಿತು ಅನ್ನುತ್ತಾಳೆ. ಮಾರ್ನಿಕ್ಸ್ ಒಬ್ಬನೇ ತಲೆಯಾಡಿಸಿದ. "ನಿನ್ನೆ ಎರಡು ಕೇಳಿದ್ಲು, ಎರಡೂ ಸರಿ," ಅಂದ, ಹಂದಿಗೆ ಹೇಳುವ ಹಾಗೆ. ಆಮೇಲೆ ಏನೋ ಹೊಳೆದು, "ಹಾಗಾದ್ರೆ ತಲೆ ಸರಿ ಇದೆಯಾ ನಿಂಗೆ?"

"ನಿನ್ನದಕ್ಕಿಂತ ಸರಿ ಇದೆ."

"ಥೂ. ಊರೆಲ್ಲ ಹೇಳ್ಕೊಂಡು ಬಂದೆನಲ್ಲ."

ಹಿಲ್ಡಾ ನಂಬಿದಳೋ ಇಲ್ಲವೋ, ಓಡುವುದನ್ನಂತೂ ನಿಲ್ಲಿಸಿದಳು. ಬಂದು ಕ್ರೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು, ಆಲಿಡಾಳ ಪ್ಯಾಂಟಿನ ಅಂಚು ಹಿಡಿದುಕೊಂಡು. ಉಳಿದ ಸವಾರರು ಹೋದರು, ಕಾರುಗಳು ಹೋದವು. ಯಾರೂ ಯಾರ ಹೆಸರನ್ನೂ ಕೂಗಲಿಲ್ಲ. ಹನ್ನೊಂದು ನಿಮಿಷ ಆದ ಮೇಲೆ ಚಿತ್ರ ವಾಪಸ್ ಬಂತು. ವರದಿಗಾರ ಕೆಮ್ಮಿ, ಕ್ಷಮೆ ಕೇಳಿ, ಬಿದ್ದವನು ಅದೇ ತಂಡದ ನಾರ್ವೆಯವನು, ಭುಜದ ಮೂಳೆ ಹೋಗಿದೆ, ದೆಪ್ರೆ ಮುಂದಿನ ಆರು ಜನರಲ್ಲಿದ್ದಾನೆ ಅಂದ.

ಹಿಲ್ಡಾ ಎದ್ದಳು. ಖುಷಿಗೆ ಅಳುತ್ತಾಳೆ ಅಂದುಕೊಂಡರೆ ರೇಗಿದಳು. "ನನ್ನ ಮುಂದೇ ಹೋದನಾ? ಮೂತಿ ಮುಂದೇ? ನಾನು ನೋಡ್ಲೇ ಇಲ್ವಾ? ಎಪ್ಪತ್ತು ಜನ ಇದೀರಲ್ಲೋ, ಒಬ್ಬನಾದ್ರೂ ನೋಡ್ಬೇಕಾಗಿತ್ತು!" ಫೋನನ್ನು ಫ್ರಾನ್ಸನ ಎದೆಗೆ ಗುದ್ದಿ ಕೊಟ್ಟಳು.

ರೇಸು ಇನ್ನೊಂದು ಸುತ್ತು ಹಾಕಿ ಅದೇ ಏರಿಗೆ ಬರುವುದಕ್ಕೆ ಐವತ್ತು ನಿಮಿಷ ಇತ್ತು. ಆಲಿಡಾ ಕ್ರೇಟಿನಿಂದ ಇಳಿದಳು. ಹೇಳಿದ್ದಾಯಿತು, ಇಳಿಯುವುದೇ. ಮಾರ್ನಿಕ್ಸ್ ಕೊಟ್ಟ ಕಾಫಿ ಕುಡಿಯುತ್ತಾ ಗೋಡೆಗೆ ಒರಗಿದಳು. ಫ್ರಾನ್ಸ್ ಬಂದು ಎದುರಿಗೆ ನಿಂತ, ಅಥವಾ ಅವನ ಬೂಟುಗಳು ನಿಂತವು.

"ಕಣ್ಣಿಲ್ಲದವರು ಹೆಸರು ಕೂಗೋದು ಯಾವ ನ್ಯಾಯ?" ಅಂದ. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ, ಚಟ ಇತ್ತು.

"ನಿಮ್ಮಪ್ಪನ ವಿಷಯ," ಅಂದಳು ಆಲಿಡಾ. "ಅವತ್ತು ನಂಗೆ ಕಣ್ಣು ಚೆನ್ನಾಗಿತ್ತು. ಕೆಂಪು ಮಫ್ಲರು ನೋಡ್ದೆ, ಯಾರದ್ದೋ ಮಫ್ಲರು ಅಂದ್ಕೊಂಡು ಕೂಗ್ದೆ. ಕಾಲು ನೋಡ್ಲಿಲ್ಲ. ನೋಡಿದ್ರೆ ಗೊತ್ತಾಗ್ತಿತ್ತು, ಬಡಗಿಗಳು ನಿಂತು ತುಳಿಯೋದು. ತಪ್ಪು ನಂದೇ."

ಫ್ರಾನ್ಸ್ ಫೋನಿನ ಚೀಲದ ಮೇಲಿನ ಕೆಸರು ಒರೆಸಿದ. "ಅವನಿಗೆ ಹೇಳ್ಬೇಕಿತ್ತು ಇದನ್ನ."

"ಹೂಂ. ಹೇಳ್ಲಿಲ್ಲ."

ಅವನು ಏಣಿಗೆ ವಾಪಸ್ ಹೋದ. ಕ್ಷಮಿಸಿದ ಅಂತ ಯಾರೂ ತಿಳಿಯಬೇಕಾಗಿಲ್ಲ.

ಎರಡನೇ ಸುತ್ತಿಗೆ ಗದ್ದಲ ಏರಿನ ಬುಡದಲ್ಲಿ ಎದ್ದಾಗ ಆಲಿಡಾ ಇನ್ನೂ ಗೋಡೆಗೆ ಒರಗಿದ್ದಳು. ಕ್ರೇಟು ಖಾಲಿ. ಹಿಲ್ಡಾ ಕ್ರೇಟನ್ನು ನೋಡಿದಳು, ರಸ್ತೆ ನೋಡಿದಳು. "ಏನ್ ದೊಡ್ಡಮ್ಮ, ಈಗಲೂ ನಾನು ನೋಡದೇ ಬಿಡ್ಲಾ? ಹತ್ತು!" ಅಂತ ಗದರಿ ತೋಳು ಹಿಡಿದು ಎಳೆದಳು. ಹತ್ತಿಸಿ ತಾನು ಕೆಳಗೆ ಅವಳಂತೆಯೇ ನಿಂತಳು, ಎಡಭುಜ ರಸ್ತೆಗೆ, ಮುಖ ಬಾಗಿಲಿಗೆ. ಹಾಗೆ ನಿಂತರೇ ಕಾಣುತ್ತದೇನೋ ಎಂಬ ಗೊಂದಲ. ಸಂಘದವರು ಒಬ್ಬೊಬ್ಬರಾಗಿ ಮೂಲೆ ಬಿಟ್ಟು ಬಂದರು. ಬಂದವರೆಲ್ಲ ಬಾಗಿಲಿಗೆ ಮುಖ ಮಾಡಿದರು. ಎಲ್ಲಿಂದಲೋ ಬಂದಿದ್ದ ನಾಲ್ವರು ಇಟಲಿಯವರು ಇದನ್ನು ನೋಡಿದರು. ಊರವರೇ ಇಷ್ಟು ಜನ ಹೀಗೆ ನಿಂತಿದ್ದಾರೆ ಅಂದ ಮೇಲೆ ಏನೋ ಗುಟ್ಟಿರಬೇಕು ಅಂತ ಅವರೂ ಬಂದು, ಬಾವುಟ ಸುತ್ತಿಕೊಂಡು, ಹಂದಿದೊಡ್ಡಿಯನ್ನು ಭಕ್ತಿಯಿಂದ ನೋಡತೊಡಗಿದರು.

"ನನ್ನ ಹಂದಿಗಳು ಹೆದರ್ತಾವೆ ಕಣ್ರೋ!" ಮಾರ್ನಿಕ್ಸ್ ಬಾಯಿ ಬಡಿದುಕೊಂಡ.

ಕಾಲುಗಳು ಬಂದವು. ಮುಂದಿನವನ ಹೆಸರು ಕೂಗಿದಳು, ಸರಿ. ಎರಡನೆಯವನು ಅಂತ ಕೂಗಿದ್ದು ಪಾಪ, ಮೋಟಾರ್‌ಬೈಕಿನ ಹಿಂದೆ ಕೂತಿದ್ದ ಫೋಟೋದವನು. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಆಮೇಲೆ ಒಂದು ಅಂತರ. ಕೆಸರು ಬಣ್ಣದ ಒಬ್ಬ ಒಂಟಿಯಾಗಿ ತಿರುವು ದಾಟಿ ಬರುತ್ತಿದ್ದ. ಏಣಿಯ ತುದಿಯಲ್ಲಿ ಒಬ್ಬನೇ ಉಳಿದಿದ್ದ ಫ್ರಾನ್ಸ್ ಫೋನು ನೋಡಿದ. ಫೋನಿನಲ್ಲಿ ಇನ್ನೂ ಏರಿನ ಬುಡ, ಒದ್ದೆ ಕಲ್ಲು, ಯಾರೂ ಇಲ್ಲ. ರಸ್ತೆ ನೋಡಿದ. ಮಣ್ಣಿನ ಮುಖ. ಮತ್ತೆ ಫೋನು.

"ಯಾರದು?" ತಡೆಯಲಾಗದೆ ಕೂಗಿದ. "ಆಲಿಡಾ, ಯಾರದು ಅವನು? ಬೇಗ ಹೇಳಿ!"

ಆಲಿಡಾ ಹಸಿರು ಬಾಗಿಲನ್ನು ದಿಟ್ಟಿಸಿದಳು. ಬಾಗಿಲು ಹೋಯಿತು. ಅಂಚಿನಲ್ಲಿ ಬಲಮಂಡಿ ಹೊರಕ್ಕೆ ತಳ್ಳಿತು.

"ನೀನೇ ನೋಡೇ ಹಿಲ್ಡಾ," ಅಂದಳು, "ಎಡಕ್ಕೆ ತಿರುಗು!" ಆಮೇಲೆ ಏರಿಗೆಲ್ಲ ಕೇಳುವ ಹಾಗೆ ಹೆಸರು ಕೂಗಿದಳು.